ನಾಯಿಯ ಕಿಡ್ನಿ ರಿಪೋರ್ಟ್ ಕೈಗೆ ಬಂದಾಗ ಏನೇನು ನೋಡಬೇಕು

ಮಳೆಗಾಲ ಶುರುವಾದರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯ ಪರಿಚಯದವರಿಂದ ನನ್ನ ಫೋನಿಗೆ ಒಂದೇ ಥರದ ಫೋಟೋ ಬರುತ್ತದೆ. ನಾಯಿಯ ಲ್ಯಾಬ್ ರಿಪೋರ್ಟ್. ಕ್ರಿಯಾಟಿನಿನ್ ಎದುರು ದಪ್ಪಕ್ಷರದಲ್ಲಿ ಒಂದು ಸಂಖ್ಯೆ, ಅದರ ಪಕ್ಕ ಮೇಲೆ ನೋಡುವ ಬಾಣ. ಕೆಳಗೆ ಒಂದೇ ಪ್ರಶ್ನೆ: "ಇದು ಉಳಿಯುತ್ತದಾ?"

ಆ ಒಂದು ಸಂಖ್ಯೆ ನೋಡಿ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗುವುದಿಲ್ಲ. ಡಾಕ್ಟರಿಂದಲೂ ಆಗುವುದಿಲ್ಲ. ನಾನು ಡಾಕ್ಟರಲ್ಲ, ಕಿಡ್ನಿ ಕಾಯಿಲೆಯ ನಾಯಿಯನ್ನು ಮನೆಯಲ್ಲಿ ಇಟ್ಟು ನೋಡಿಕೊಂಡವನು. ಇದನ್ನು ಬರೆಯುವುದು ಡಾಕ್ಟರ ಎದುರು ನಿಂತಾಗ ನೀವು ಸರಿಯಾದ ಪ್ರಶ್ನೆ ಕೇಳಬೇಕು ಅಂತ. ನಮ್ಮ ಮೃಗಾಸ್ಪತ್ರೆಗಳಲ್ಲಿ ಬೆಳಿಗ್ಗೆ ದನ, ಆಡು, ಕೋಳಿ ಎಲ್ಲದರ ಕೇಸೂ ಒಟ್ಟಿಗೆ ಬರುತ್ತದೆ, ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ, ಮಾತು ಹೆಚ್ಚಾಗಿ ಮಲಯಾಳದಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ. ಮನೆಗೆ ಬಂದು ಕೂತಾಗ ಅವರು ಏನು ಹೇಳಿದರು ಅಂತಲೇ ನೆನಪಿರುವುದಿಲ್ಲ.

ಪೂರ್ತಿ ಓದಲು ಆಗದವರು ಇದೊಂದನ್ನಾದರೂ ಓದಿ. ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿ. ಅದೂ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು. ಮೂತ್ರ ನೋಡದ ಕಿಡ್ನಿ ರಿಪೋರ್ಟ್ ಅರ್ಧ ರಿಪೋರ್ಟ್.

ಕ್ರಿಯಾಟಿನಿನ್

ಇದು ಸ್ನಾಯುಗಳಲ್ಲಿ ದಿನವೂ ತಯಾರಾಗುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತಾಗ ಅದು ರಕ್ತದಲ್ಲಿ ಉಳಿಯುತ್ತದೆ. ಆದರೆ ತುಂಬ ತಡವಾಗಿ.

ಹತ್ತು ಜನ ಅಡಿಕೆ ಸುಲಿಯಲು ಕೂತಿದ್ದಾರೆ ಅಂದುಕೊಳ್ಳಿ. ಮೂವರು ಎದ್ದು ಹೋದರೂ ಉಳಿದವರು ಸ್ವಲ್ಪ ಬೇಗ ಬೇಗ ಸುಲಿದು ಸಂಜೆಗೆ ರಾಶಿ ಮುಗಿಸುತ್ತಾರೆ. ಆರು ಜನ ಹೋದರೂ ಹೇಗೋ ಮುಗಿಯುತ್ತದೆ. ಏಳೆಂಟು ಜನ ಇಲ್ಲವಾದಾಗ ಮಾತ್ರ ಅಡಿಕೆ ಉಳಿಯಲು ಶುರು. ಕಿಡ್ನಿಯೂ ಹಾಗೆಯೇ. ಸೋಸುವ ಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಹಾಳಾದ ಮೇಲೆಯೇ ಕ್ರಿಯಾಟಿನಿನ್ ಮಾಮೂಲಿ ಮಿತಿ ದಾಟುವುದು. ಹಾಗಾಗಿ "ಕ್ರಿಯಾಟಿನಿನ್ ನಾರ್ಮಲ್, ಕಿಡ್ನಿ ಚೆನ್ನಾಗಿದೆ" ಅನ್ನುವ ಮಾತು ಅರ್ಧ ಮಾತ್ರ ಸತ್ಯ.

ಹಳೆಯ ರಿಪೋರ್ಟ್ ಇದ್ದರೆ ಅದು ಚಿನ್ನ. ಹೋದ ವರ್ಷ 0.7 ಇದ್ದದ್ದು ಈ ವರ್ಷ 1.3 ಆಗಿದ್ದರೆ ಲ್ಯಾಬಿನವರು ಬಾಣ ಹಾಕಿರುವುದಿಲ್ಲ, ಆದರೂ ಅದು ಗಮನಿಸಬೇಕಾದ ಏರಿಕೆ. ನಾಯಿಗೆ ಏಳೆಂಟು ವರ್ಷ ಆದ ಮೇಲೆ ಆರೋಗ್ಯ ಸರಿ ಇರುವಾಗಲೇ ಒಂದು ಸಲ ಟೆಸ್ಟ್ ಮಾಡಿಸಿ ಆ ಕಾಗದವನ್ನು ಜೋಪಾನವಾಗಿ ಇಡಿ. ನಿಮ್ಮ ನಾಯಿಯ ಸಾಮಾನ್ಯ ಸಂಖ್ಯೆ ಎಷ್ಟು ಅಂತ ಗೊತ್ತಿರಬೇಕು ಅಲ್ವಾ?

ಸ್ನಾಯುವಿನಿಂದ ಬರುವ ಕಸವಾದ್ದರಿಂದ ಮೈಕಟ್ಟೂ ಲೆಕ್ಕಕ್ಕೆ ಬರುತ್ತದೆ. ಎಲುಬು ಎದ್ದು ಕಾಣುವ ಮುದಿ ನಾಯಿಗೆ ಕಿಡ್ನಿ ಕೆಟ್ಟಿದ್ದರೂ ಕ್ರಿಯಾಟಿನಿನ್ ಕಡಿಮೆ ತೋರಿಸಬಹುದು. ಗಟ್ಟಿ ಮೈಯ ರಾಟ್‌ವೀಲರಿಗೆ ಏನೂ ಇಲ್ಲದೆ ಸ್ವಲ್ಪ ಜಾಸ್ತಿ ಬರಬಹುದು. ಇದಕ್ಕೇ ಈಗ ಎಸ್‌ಡಿಎಂಎ ಅನ್ನುವ ಇನ್ನೊಂದು ಟೆಸ್ಟ್ ಬಂದಿದೆ. ಅದಕ್ಕೂ ಸ್ನಾಯುವಿಗೂ ಸಂಬಂಧವಿಲ್ಲ, ಕ್ರಿಯಾಟಿನಿನ್‌ಗಿಂತ ಬೇಗ ಏರುತ್ತದೆ. 14ರ ಒಳಗಿದ್ದರೆ ಸರಿ. ಎಲ್ಲ ಕಡೆ ಸಿಗುವುದಿಲ್ಲ, ಖರ್ಚೂ ಇದೆ. ಸಿಗದಿದ್ದರೆ ಕೊರಗಬೇಡಿ, ಮೂತ್ರದ ಟೆಸ್ಟ್ ಬಹಳ ಮಟ್ಟಿಗೆ ಆ ಕೆಲಸ ಮಾಡುತ್ತದೆ.

ಮನುಷ್ಯರ ಲ್ಯಾಬಿನ ರಿಪೋರ್ಟ್ ಆದರೆ

ನಮ್ಮ ಕಡೆ ಇದು ಸಾಮಾನ್ಯ. ಡಾಕ್ಟರು ರಕ್ತ ತೆಗೆದು ಕೊಡುತ್ತಾರೆ, ನಾವು ಅದನ್ನು ಪೇಟೆಯ ಲ್ಯಾಬಿಗೆ ಕೊಂಡುಹೋಗುತ್ತೇವೆ. ಯಂತ್ರ ಕೊಡುವ ಸಂಖ್ಯೆಯಲ್ಲಿ ದೊಡ್ಡ ತೊಂದರೆ ಇಲ್ಲ. ಪಕ್ಕದಲ್ಲಿ ಅಚ್ಚಾಗುವ "ನಾರ್ಮಲ್ ರೇಂಜ್" ಮಾತ್ರ ಮನುಷ್ಯರದ್ದು. ಅದನ್ನು ನೋಡಬೇಡಿ. ಕೆಲವು ಲ್ಯಾಬಿನವರು ಇಜಿಎಫ್‌ಆರ್ ಅಂತ ಒಂದು ಸಾಲು ಸೇರಿಸಿರುತ್ತಾರೆ. ಅದು ಮನುಷ್ಯರ ವಯಸ್ಸು, ಲಿಂಗದ ಮೇಲೆ ಮಾಡಿದ ಲೆಕ್ಕ. ನಾಯಿಗೆ ಅದಕ್ಕೆ ಅರ್ಥವೇ ಇಲ್ಲ, ಅದನ್ನು ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಯುನಿಟ್ ನೋಡಿ. ಇಲ್ಲಿ ಸಾಮಾನ್ಯವಾಗಿ ಎಂಜಿ/ಡಿಎಲ್ ಇರುತ್ತದೆ. ವಿದೇಶದ ಲೇಖನಗಳಲ್ಲಿ 125, 250, 440 ಅಂತ ಕಂಡರೆ ಅದು ಮೈಕ್ರೋಮೋಲ್ ಲೆಕ್ಕ. 88.4ರಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ.

ಕಿಡ್ನಿ ಹೊರಗೆ ಹಾಕುವ ಇನ್ನೊಂದು ಕಸ ಯೂರಿಯಾ, ಅದರಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಇದೆ. ಒಂದು ಲ್ಯಾಬಿನಲ್ಲಿ "ಬ್ಲಡ್ ಯೂರಿಯಾ" ಕೊಡುತ್ತಾರೆ, ಇನ್ನೊಂದರಲ್ಲಿ "ಬಿಯುಎನ್". ಎರಡೂ ಒಂದೇ ವಸ್ತುವಿನ ಬೇರೆ ಬೇರೆ ಲೆಕ್ಕ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಕಾಸರಗೋಡಿನ ಲ್ಯಾಬಿನಲ್ಲಿ ಬಿಯುಎನ್ 50, ಮುಂದಿನ ವಾರ ಮಂಗಳೂರಿನಲ್ಲಿ ಯೂರಿಯಾ 107 ಬಂದರೆ ಕಾಯಿಲೆ ಎರಡು ಪಟ್ಟು ಆಯಿತು ಅಂತಲ್ಲ. ಒಂದು ಚೂರೂ ಬದಲಾಗಿಲ್ಲ.

ಯೂರಿಯಾ ಒಂದನ್ನೇ ನಂಬಬೇಡಿ. ಹಿಂದಿನ ರಾತ್ರಿ ಚೆನ್ನಾಗಿ ಕೋಳಿ ಮಾಂಸ ತಿಂದಿದ್ದರೆ ಏರುತ್ತದೆ. ಹೊಟ್ಟೆ, ಕರುಳಿನ ಒಳಗೆ ರಕ್ತ ಸೋರುತ್ತಿದ್ದರೂ ಏರುತ್ತದೆ. ನೀರು ಕಡಿಮೆಯಾದರೂ ಏರುತ್ತದೆ. ಲಿವರ್ ಕೆಟ್ಟಿದ್ದರೆ, ಬರೇ ಗಂಜಿ ಕುಡಿಯುವ ನಾಯಿಯಾದರೆ ಇಳಿಯುತ್ತದೆ. ಹಾಗಾಗಿ ನಾಯಿ ಗಟ್ಟಿಮುಟ್ಟಾಗಿದ್ದು ಸುಮ್ನೆ ಚೆಕಪ್‌ಗೆ ಹೋಗುವುದಾದರೆ ರಾತ್ರಿ ಊಟದ ನಂತರ ಏನೂ ಕೊಡದೆ ಬೆಳಿಗ್ಗೆ ರಕ್ತ ಕೊಡಿ. ನೀರು ಮಾತ್ರ ನಿಲ್ಲಿಸಬೇಡಿ. ಕಾಯಿಲೆ ಬಿದ್ದ ನಾಯಿಗೆ ಈ ನಿಯಮ ಇಲ್ಲ, ಅದನ್ನು ಕೂಡಲೇ ಕೊಂಡುಹೋಗಿ.

ಹಂತ ಅಂದರೆ ಏನು

ಡಾಕ್ಟರು "ಸ್ಟೇಜ್ 2", "ಸ್ಟೇಜ್ 3" ಅನ್ನುತ್ತಾರಲ್ಲ, ಅದು ಐರಿಸ್ ಅನ್ನುವ ಅಂತರರಾಷ್ಟ್ರೀಯ ಗುಂಪಿನ ಲೆಕ್ಕ. ನಾಯಿ, ಬೆಕ್ಕುಗಳ ಕಿಡ್ನಿ ಕಾಯಿಲೆಯನ್ನೇ ನೋಡುವ ಪಶುವೈದ್ಯರು 1998ರಲ್ಲಿ ಇದನ್ನು ಕಟ್ಟಿದರು. ನಾಯಿಯ ಕ್ರಿಯಾಟಿನಿನ್ 1.4ಕ್ಕಿಂತ ಕಡಿಮೆ ಇದ್ದು ಬೇರೆ ಲಕ್ಷಣ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಸ್ಕ್ಯಾನಿಂಗಿನಲ್ಲಿ ಕಿಡ್ನಿ ಸರಿ ಕಾಣದಿರುವುದು ಇದ್ದರೆ ಮೊದಲ ಹಂತ. 1.4ರಿಂದ 2.8 ಎರಡನೆಯದು. 2.9ರಿಂದ 5.0 ಮೂರನೆಯದು. 5ರ ಮೇಲೆ ನಾಲ್ಕನೆಯದು. ಎಸ್‌ಡಿಎಂಎ ಇದ್ದರೆ 18, 35, 54 ಅನ್ನುವ ಗಡಿಗಳನ್ನೂ ಸೇರಿಸಿ ನೋಡುತ್ತಾರೆ.

ಈ ಹಂತಗಳು ಇರುವುದು ಹಳೆಯ, ನಿಧಾನವಾಗಿ ಬಂದ ಕಿಡ್ನಿ ಕಾಯಿಲೆಗೆ ಮಾತ್ರ. ನಾಯಿಗೆ ನೀರಿನಂಶ ಸರಿ ಇರುವಾಗ, ಸ್ಥಿತಿ ಒಂದೇ ರೀತಿ ನಿಂತಾಗ, ಎರಡು ಸಲ ಟೆಸ್ಟ್ ಮಾಡಿ ಹಂತ ಹೇಳಬೇಕು. ಮೊನ್ನೆಯವರೆಗೆ ಓಡಾಡುತ್ತಿದ್ದ ನಾಯಿ ನಿನ್ನೆಯಿಂದ ವಾಂತಿ ಮಾಡುತ್ತಿದೆ, ಕ್ರಿಯಾಟಿನಿನ್ 7 ಬಂದಿದೆ ಅಂತಾದರೆ ಅದನ್ನು "ನಾಲ್ಕನೇ ಹಂತ, ಇನ್ನು ಏನೂ ಮಾಡಲಾಗುವುದಿಲ್ಲ" ಅನ್ನುವುದು ತಪ್ಪು. ಅದು ಬೇರೆಯೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂತ್ರ ಹಿಡಿಯುವುದು, ಅದರಲ್ಲಿ ನೋಡುವುದು

ಒಳ್ಳೆಯ ಕಿಡ್ನಿ ನೀರನ್ನು ಉಳಿಸಿಕೊಂಡು ಮೂತ್ರವನ್ನು ಗಟ್ಟಿ ಮಾಡುತ್ತದೆ. ಕೆಟ್ಟ ಕಿಡ್ನಿಗೆ ಆ ಶಕ್ತಿ ಮೊದಲು ಹೋಗುತ್ತದೆ, ಕ್ರಿಯಾಟಿನಿನ್ ಏರುವ ಮೊದಲೇ. ಇದನ್ನು ಅಳೆಯುವುದು ಸ್ಪೆಸಿಫಿಕ್ ಗ್ರಾವಿಟಿ. ನಾಯಿಗೆ 1.030ಕ್ಕಿಂತ ಮೇಲೆ ಇದ್ದರೆ ಕಿಡ್ನಿ ಗಟ್ಟಿ ಮಾಡುವ ಕೆಲಸ ಮಾಡುತ್ತಿದೆ. 1.008ರಿಂದ 1.012ರ ನಡುವೆಯೇ ನಿಂತುಬಿಟ್ಟಿದ್ದರೆ, ಜೊತೆಗೆ ಕ್ರಿಯಾಟಿನಿನ್ ಏರಿದ್ದರೆ, ತೊಂದರೆ ಹೆಚ್ಚಾಗಿ ಕಿಡ್ನಿಯ ಒಳಗೇ ಇದೆ.

ಎರಡು ನಾಯಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಕ್ರಿಯಾಟಿನಿನ್ 2.6. ಒಂದಕ್ಕೆ ಎರಡು ದಿನದಿಂದ ವಾಂತಿ ಭೇದಿ, ಮೂತ್ರದ ಗ್ರಾವಿಟಿ 1.045. ಇದರ ಕಿಡ್ನಿ ಗಟ್ಟಿಯಾಗಿಯೇ ಇದೆ. ಮೈಯಲ್ಲಿ ನೀರು ಇಲ್ಲದೆ ಸಂಖ್ಯೆ ಏರಿದೆ. ಎರಡು ದಿನ ಡ್ರಿಪ್ ಕೊಟ್ಟರೆ ಇಳಿಯುತ್ತದೆ. ಇನ್ನೊಂದು ನಾಯಿ ಸ್ವಲ್ಪ ಸೊರಗಿದೆ, ಚೆನ್ನಾಗಿ ನೀರು ಕುಡಿಯುತ್ತದೆ, ಗ್ರಾವಿಟಿ 1.010. ಇದಕ್ಕೆ ನಿಜವಾದ ಕಿಡ್ನಿ ಕಾಯಿಲೆ. ರಕ್ತದ ಕಾಗದದಲ್ಲಿ ಎರಡೂ ಒಂದೇ. ಮೂತ್ರ ನೋಡದಿದ್ದರೆ ಇವೆರಡನ್ನೂ ಬೇರೆ ಮಾಡುವುದು ಹೇಗೆ?

ಡ್ರಿಪ್ ಏರಿಸಿದ ಮೇಲೆ ಹಿಡಿದ ಮೂತ್ರ ಹೇಗೂ ತೆಳ್ಳಗೇ ಬರುತ್ತದೆ. ಸ್ಟೀರಾಯ್ಡ್, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಕೊಟ್ಟಿದ್ದರೂ ಹಾಗೆಯೇ. ಅದಕ್ಕೇ ಮೊದಲು ಮೂತ್ರ, ಆಮೇಲೆ ಬಾಟಲಿ.

ಹಿಡಿಯುವುದು ಕಷ್ಟ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಕಷ್ಟ ಇಲ್ಲ. ಉದ್ದ ಹಿಡಿಯ ಸ್ಟೀಲ್ ಸೌಟು ತೆಗೆದುಕೊಂಡು ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಸೋಪು ಉಳಿಯಬಾರದು. ಬೆಳಿಗ್ಗೆ ನಾಯಿಯನ್ನು ಬಿಡುವ ಮೊದಲು ಸಣ್ಣ ಹಗ್ಗ ಕಟ್ಟಿ ಅದು ದಿನಾ ಹೋಗುವ ಜಾಗಕ್ಕೇ ನಡೆಸಿ. ನಮ್ಮ ಕಾಳುವಿಗೆ ಹಟ್ಟಿಯ ಹಿಂದಿನ ತೆಂಗಿನ ಬುಡವೇ ಆಗಬೇಕು. ಸೌಟನ್ನು ಮೊದಲೇ ಎದುರಿಗೆ ಹಿಡಿದರೆ ನಾಯಿ ನಿಲ್ಲಿಸಿಬಿಡುತ್ತದೆ. ಕಾಲೆತ್ತಿ ಶುರು ಮಾಡಲಿ, ಒಂದೆರಡು ಕ್ಷಣ ಬಿಟ್ಟು ಹಿಂದಿನಿಂದ ಮೆಲ್ಲ ಸೌಟು ತೂರಿಸಿ. ಹೆಣ್ಣು ನಾಯಿಯಾದರೆ ಕೂತ ಮೇಲೆ ಚಪ್ಪಟೆ ತಟ್ಟೆಯನ್ನು ಅಡಿಗೆ ಜಾರಿಸಿ. ಎರಡು ಚಮಚದಷ್ಟು ಸಾಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಮುಚ್ಚಳದ ಡಬ್ಬಿಗೆ ಹಾಕಿ ಹೆಸರು, ಗಂಟೆ ಬರೆಯಿರಿ. ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಲು ಆಗದಿದ್ದರೆ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಟ್ಟು ಅದೇ ದಿನ ಕೊಡಿ. ಫ್ರೀಜರಿನಲ್ಲಿ ಬೇಡ. ಜ್ವರ, ಕಾಮಾಲೆ ಇರುವ ನಾಯಿಯಾದರೆ ಕೈಗೆ ಗ್ಲೌಸ್ ಇಲ್ಲದೆ ಈ ಕೆಲಸ ಮಾಡಲೇಬೇಡಿ.

ಲ್ಯಾಬಿನಲ್ಲಿ ಒಂದು ಮಾತು ಕೇಳಿ: ಗ್ರಾವಿಟಿಯನ್ನು ರಿಫ್ರಾಕ್ಟೋಮೀಟರ್ ಅನ್ನುವ ಉಪಕರಣದಲ್ಲಿ ನೋಡುತ್ತೀರಾ ಅಂತ. ಬಣ್ಣ ಬದಲಾಗುವ ಪಟ್ಟಿಯಲ್ಲಿ ನೋಡಿದ ಗ್ರಾವಿಟಿ ನಾಯಿಗೆ ನಂಬಿಕೆಗೆ ಯೋಗ್ಯವಲ್ಲ. ಆ ಪಟ್ಟಿಯ ಬಿಳಿರಕ್ತಕಣದ ಚೌಕವೂ ನಾಯಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಸೋಂಕು ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ಪಟ್ಟಿಯಲ್ಲಿ ಪ್ರೋಟೀನ್ ಕಂಡರೆ ಮುಂದಿನ ಟೆಸ್ಟ್ ಯುಪಿಸಿ. ಮೂತ್ರದ ಪ್ರೋಟೀನನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸುವುದು, ಅಷ್ಟೇ. 0.2ರ ಒಳಗೆ ಸರಿ, 0.5 ದಾಟಿದರೆ ಪ್ರೋಟೀನ್ ಸೋರುತ್ತಿದೆ. ಮೂತ್ರಕೋಶದ ಸೋಂಕು ಇದ್ದಾಗ, ಮೂತ್ರ ಕೆಂಪಗಿದ್ದಾಗ ಇದನ್ನು ಮಾಡಿಸಿ ದುಡ್ಡು ಕಳೆಯಬೇಡಿ. ಮೊದಲು ಅದು ಗುಣವಾಗಲಿ. ನಮ್ಮ ಕಡೆ ಉಣ್ಣಿ ಜಾಸ್ತಿ ಇರುವುದರಿಂದ ಉಣ್ಣಿ ಜ್ವರವೂ ನೆನಪಿನಲ್ಲಿರಲಿ. ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕು ಹಳೆಯದಾದಾಗ ಕಿಡ್ನಿಯ ಜರಡಿಗೇ ಪೆಟ್ಟು ಬಿದ್ದು ಪ್ರೋಟೀನ್ ಸೋರುತ್ತದೆ, ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ, ಕಾಲು ಬಾತುಕೊಳ್ಳಬಹುದು. ಕ್ರಿಯಾಟಿನಿನ್ ಆಗ ಇನ್ನೂ ನಾರ್ಮಲ್ ಇರಬಹುದು.

ಮನೆಯಲ್ಲಿ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ದಿನ ನಾಯಿಯನ್ನು ತೋಟಕ್ಕೆ ಬಿಡದೆ ಕಟ್ಟಿ, ಅಳೆದ ನೀರು ಇಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಕೋಳಿ, ಬೆಕ್ಕು ಕುಡಿಯದ ಜಾಗ ಆಗಬೇಕು. ಕಿಲೋ ತೂಕಕ್ಕೆ 100 ಎಂಎಲ್‌ಗಿಂತ ಜಾಸ್ತಿ ಕುಡಿದರೆ, ಅಂದರೆ 15 ಕಿಲೋ ನಾಯಿ ಒಂದೂವರೆ ಲೀಟರ್ ದಾಟಿದರೆ, ಅದು ಮಾಮೂಲಿ ಅಲ್ಲ. ಸಕ್ಕರೆ ಕಾಯಿಲೆಯೂ ಇರಬಹುದು, ಗರ್ಭಕೋಶದ ಕೀವೂ ಇರಬಹುದು, ಕಿಡ್ನಿಯೂ ಇರಬಹುದು. ರಾತ್ರಿ ಜಗಲಿಯಲ್ಲಿ ಮೂತ್ರ ಮಾಡತೊಡಗಿದ ಹಳೆಯ ನಾಯಿಗೆ ಬೈಯುವ ಮೊದಲು ಈ ಅಳತೆ ಮಾಡಿ.

ದಿಢೀರ್ ಬಂದದ್ದಾ, ಹಳೆಯದಾ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಹಳೆಯ ಕಾಯಿಲೆಯಾದರೆ ಹೋದ ಭಾಗ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬೇಕು. ದಿಢೀರ್ ಪೆಟ್ಟಾದರೆ ಕ್ರಿಯಾಟಿನಿನ್ 8 ಇದ್ದ ನಾಯಿಯೂ ಸರಿಯಾದ ಮದ್ದು ಸಿಕ್ಕಿ ಚೇತರಿಸಿಕೊಳ್ಳಬಹುದು. ಹಾಗಾಗಿ ಸಂಖ್ಯೆ ನೋಡಿ ಕೈಬಿಡಬೇಡಿ.

ತಿಂಗಳುಗಳಿಂದ ತೂಕ ಇಳಿಯುತ್ತಿದೆ, ನೀರು ಕುಡಿಯುವುದು ಜಾಸ್ತಿ, ವಸಡು ಬಿಳಿಚಿದೆ, ರಕ್ತ ಕಡಿಮೆ, ಸ್ಕ್ಯಾನಿಂಗಿನಲ್ಲಿ ಕಿಡ್ನಿ ಸಣ್ಣದಾಗಿ ಅಂಕುಡೊಂಕಾಗಿದೆ ಅಂದರೆ ಹಳೆಯದು. ಮೊನ್ನೆಯವರೆಗೆ ಚೆನ್ನಾಗಿತ್ತು, ಮೈ ತುಂಬಿಕೊಂಡಿದೆ, ರಕ್ತ ಸರಿ ಇದೆ, ಕಿಡ್ನಿ ಬಾತು ಮುಟ್ಟಿದರೆ ನೋವು, ಮೂತ್ರ ಕಡಿಮೆ ಅಥವಾ ಇಲ್ಲವೇ ಇಲ್ಲ ಅಂದರೆ ದಿಢೀರ್ ಬಂದದ್ದು.

ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಊರಲ್ಲಿ ಮೊದಲು ಸಂಶಯ ಪಡಬೇಕಾದದ್ದು ಇಲಿಜ್ವರ. ಆರೋಗ್ಯ ಕೇಂದ್ರದ ಗೋಡೆಯಲ್ಲಿ ಎಲಿಪ್ಪನಿ ಅಂತ ಬರೆದಿರುತ್ತದಲ್ಲ, ಅದೇ. ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು ತೋಟದ ಕಣಿಯಲ್ಲಿ, ಗದ್ದೆಯಲ್ಲಿ ನಿಂತಿರುತ್ತದೆ. ನಾಯಿ ಅದರಲ್ಲೇ ಓಡಾಡಿ ಅದನ್ನೇ ಕುಡಿಯುತ್ತದೆ. ಜ್ವರ, ಊಟ ಬಿಡುವುದು, ವಾಂತಿ, ಮೈಕೈ ನೋವಿನಿಂದ ಏಳಲು ಆಗದಿರುವುದು, ಕಣ್ಣು ವಸಡು ಹಳದಿಯಾಗುವುದು ಲಕ್ಷಣ. ಹಳದಿ ಆಗಲೇಬೇಕು ಅಂತಿಲ್ಲ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಜೊತೆ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ), ಬಿಳಿರಕ್ತಕಣ ಏರಿ, ಪ್ಲೇಟ್‌ಲೆಟ್ ಇಳಿದಿದ್ದರೆ ಸಂಶಯ ಗಟ್ಟಿ. ರಕ್ತದಲ್ಲಿ ಸಕ್ಕರೆ ನಾರ್ಮಲ್ ಇದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಕಿಡ್ನಿಯ ನಳಿಗೆಗಳಿಗೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಕಿಟ್ ಟೆಸ್ಟ್ ಮೊದಲ ವಾರ ನೆಗೆಟಿವ್ ಬರಬಹುದು, ಅದನ್ನು ನೆಚ್ಚಿಕೊಂಡು ಮದ್ದು ತಡ ಮಾಡುವುದಲ್ಲ. ರೋಗಾಣುವನ್ನೇ ಹುಡುಕುವ ಪಿಸಿಆರ್ ಟೆಸ್ಟಿಗೆ ಕಳಿಸುವುದಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತ, ಮೂತ್ರ ಎರಡನ್ನೂ ತೆಗೆದಿಟ್ಟು, ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಪೆನಿಸಿಲಿನ್ ಜಾತಿಯ ಇಂಜೆಕ್ಷನ್, ವಾಂತಿ ನಿಂತ ಮೇಲೆ ಎರಡು ವಾರ ಡಾಕ್ಸಿಸೈಕ್ಲಿನ್, ಇದು ಸಾಮಾನ್ಯ ಕ್ರಮ. ಎರಡು ವಾರ ಅಂದರೆ ಎರಡು ವಾರ. ನಾಯಿ ಬಾಲ ಅಲ್ಲಾಡಿಸಿತು ಅಂತ ನಡುವೆ ಬಿಡಬೇಡಿ.

ಇದು ಮನುಷ್ಯರಿಗೂ ಅಂಟುತ್ತದೆ. ಮಕ್ಕಳು, ಬಸುರಿಯರು ಹತ್ತಿರ ಹೋಗಬಾರದು. ಮೂತ್ರ ಬಿದ್ದ ಜಾಗಕ್ಕೆ ಬ್ಲೀಚಿಂಗ್ ನೀರು ಹಾಕಿ, ಬರಿಗಾಲಲ್ಲಿ ಓಡಾಡಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ "ನಮ್ಮ ನಾಯಿಗೆ ಇಲಿಜ್ವರ ಇತ್ತು" ಅಂತ ಡಾಕ್ಟರಿಗೆ ಮೊದಲ ಮಾತಿಗೇ ಹೇಳಿ.

ಕೊಳಕುಮಂಡಲ ಹಾವು ಕಚ್ಚಿದರೂ ಕಿಡ್ನಿ ನಿಲ್ಲುತ್ತದೆ. ಮುಖ ಅಥವಾ ಕಾಲು ಒಮ್ಮೆಲೇ ಬಾತು ರಕ್ತ ಒಸರುತ್ತಿದ್ದರೆ ಗಂಟೆ ಕಾಯಬೇಡಿ. ಬಬೇಸಿಯಾ ಅನ್ನುವ ಉಣ್ಣಿ ಕಾಯಿಲೆಯಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ಬರುತ್ತದೆ. ಒಣದ್ರಾಕ್ಷಿ, ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ, ಪಾಯಸದಿಂದ ಹೆಕ್ಕಿ ಕೊಡುವ ಪ್ರೀತಿ ಬೇಡ. ಅಡಿಕೆಗೆ ಮದ್ದು ಬಿಡುವ ದಿನ ಮೈಲುತುತ್ತು ಕಲಸಿದ ಡ್ರಮ್ಮಿಗೆ ಮುಚ್ಚಳ ಇರಲಿ. ಅದನ್ನು ಕುಡಿದರೆ ಹೊಟ್ಟೆ, ಲಿವರ್ ಕೆಟ್ಟು ರಕ್ತಕಣ ಒಡೆದು ಕಿಡ್ನಿಗೂ ಬರುತ್ತದೆ.

ಮನುಷ್ಯರ ನೋವಿನ ಮಾತ್ರೆಯ ಬಗ್ಗೆ ಎಷ್ಟು ಸಲ ಹೇಳಿದರೂ ಕಡಿಮೆ. ನಾಯಿ ಕುಂಟುತ್ತಿದೆ ಅಂತ ಮನೆಯಲ್ಲಿದ್ದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅರ್ಧ ಮಾತ್ರೆ ಕೊಟ್ಟು ಕಿಡ್ನಿ ಕಳೆದುಕೊಂಡ ನಾಯಿಗಳಿವೆ. ಕೊಟ್ಟಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಕಿಡ್ನಿ ಕೆಟ್ಟ ಹಾಗೆ ಕಾಣುವ ಇನ್ನೂ ಕೆಲವು ಇವೆ. ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ತುಂಬಾ ನೀರು ಕುಡಿದು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿದೆಯಾ ಅಂತ ಸ್ಕ್ಯಾನ್ ಮಾಡಿಸಿ. ಆಪರೇಷನ್ ಮಾಡಿ ತೆಗೆದರೆ ಎಷ್ಟೋ ಸಲ ಕ್ರಿಯಾಟಿನಿನ್ ತಾನಾಗಿ ಇಳಿಯುತ್ತದೆ. ಗಂಡು ನಾಯಿ ಕಾಲೆತ್ತಿ ತಿಣುಕಿ ಹನಿ ಹನಿ ಮಾಡುತ್ತಿದ್ದರೆ ಕಲ್ಲು ಅಡ್ಡ ಬಂದಿರಬಹುದು, ಅದೇ ದಿನ ತೋರಿಸಬೇಕು. ಪೊಟಾಸಿಯಂ ಏರಿ ಸೋಡಿಯಂ ಇಳಿದಿದ್ದರೆ ಅಡಿಸನ್ಸ್ ಅನ್ನುವ ಹಾರ್ಮೋನ್ ಕಾಯಿಲೆ ಇದೆಯಾ ಅಂತ ಕೇಳಿ. ಅದಕ್ಕೆ ಮದ್ದು ಇದೆ.

ಮೂತ್ರ ಪೂರ್ತಿ ನಿಂತ ನಾಯಿಗೆ ಡ್ರಿಪ್ ಸುರಿದರೆ ನೀರು ಶ್ವಾಸಕೋಶಕ್ಕೆ ತುಂಬುತ್ತದೆ, ಅಂಥದ್ದನ್ನು ದೊಡ್ಡ ಆಸ್ಪತ್ರೆಗೇ ಕೊಂಡುಹೋಗಬೇಕು. ನಮಗೆ ಕೇರಳದ ಕಡೆ ಹತ್ತಿರದ ವೆಟರ್ನರಿ ಕಾಲೇಜು ವಯನಾಡಿನ ಪೂಕೋಡಿನಲ್ಲಿ, ಕರ್ನಾಟಕದಲ್ಲಿ ಹಾಸನ, ಶಿವಮೊಗ್ಗದಲ್ಲಿ. ನಾಯಿಗೆ ಡಯಾಲಿಸಿಸ್ ಬೇಕಾದರೆ ಚೆನ್ನೈನ ಮದ್ರಾಸ್ ವೆಟರ್ನರಿ ಕಾಲೇಜಿನಲ್ಲಿ ಇದೆ, ಅಷ್ಟು ದೂರ ಪ್ರಯಾಣ ತಾಳುತ್ತದಾ ಅಂತ ಡಾಕ್ಟರ ಹತ್ತಿರ ಮೊದಲು ಮಾತಾಡಿ.

ಹಳೆಯ ಕಾಯಿಲೆ ಅಂತ ಗೊತ್ತಾದ ಮೇಲೆ

ರಿಪೋರ್ಟಿನಲ್ಲಿ ಈಗ ಫಾಸ್ಫರಸ್ ನೋಡಲು ಕಲಿಯಿರಿ. ಎರಡನೇ ಹಂತದಲ್ಲಿ 4.6ರ ಒಳಗೆ, ಮೂರರಲ್ಲಿ 5ರ ಒಳಗೆ, ನಾಲ್ಕರಲ್ಲಿ 6ರ ಒಳಗೆ ಇಡುವುದು ಗುರಿ. ನಾಯಿ ಎಷ್ಟು ದಿನ ಚೆನ್ನಾಗಿರುತ್ತದೆ ಅನ್ನುವುದಕ್ಕೆ ಇದು ಬಹಳ ಮುಖ್ಯ, ಮತ್ತು ಇದು ನಿಮ್ಮ ಅಡುಗೆಮನೆಯಿಂದಲೇ ಶುರುವಾಗುತ್ತದೆ.

ಕಿಡ್ನಿ ನಾಯಿಗಳಿಗೆಂದೇ ಮಾಡಿದ ರೀನಲ್ ಆಹಾರ ಸಿಗುತ್ತದೆ. ಖರ್ಚು ತಾಳಿದರೆ, ನಾಯಿ ತಿಂದರೆ ಅದೇ ಒಳ್ಳೆಯದು. ಆಗದವರು ಏನು ಮಾಡಬೇಕು? ನಮ್ಮ ಮನೆಗಳಲ್ಲಿ ನಾಯಿಯ ತಟ್ಟೆಗೆ ಬೀಳುವುದು ಅನ್ನ, ಮೀನಿನ ತಲೆ, ಸಾರಿನ ಅಡಿ, ಒಣಮೀನಿನ ಚೂರು, ಕೋಳಿ ಎಲುಬು. ಇದರಲ್ಲಿ ಮೀನಿನ ತಲೆ, ಮುಳ್ಳು, ಎಲುಬು ಫಾಸ್ಫರಸ್ಸಿನ ಗಂಟು. ಒಣಮೀನಿನಲ್ಲಿ ಉಪ್ಪೂ ಸೇರಿತು. ಕೋಳಿಯ ಲಿವರ್, ಹಾಲು, ಮೊಟ್ಟೆಯ ಹಳದಿ ಇವೂ ಕಡಿಮೆ ಆಗಬೇಕು. ನೀರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಯಾವ ನಾಯಿಗೂ ಬೇಡ. ತೌಡಿರುವ ಕಜೆ ಅಕ್ಕಿಗಿಂತ ಬಿಳಿ ಬೆಳ್ತಿಗೆ ಅನ್ನದಲ್ಲಿ ಫಾಸ್ಫರಸ್ ಕಡಿಮೆ. ಅದರ ಜೊತೆ ಬೇಯಿಸಿದ ಮೊಟ್ಟೆಯ ಬಿಳಿ, ಸ್ವಲ್ಪ ಎಲುಬಿಲ್ಲದ ಕೋಳಿ, ಬೂದುಗುಂಬಳ ಅಥವಾ ಸೋರೆ, ಭೇದಿ ಆಗದಿದ್ದರೆ ಒಂದು ಚಮಚ ತುಪ್ಪ. ತುಂಬ ದಿನ ಮನೆ ಊಟವೇ ಆದರೆ ಕ್ಯಾಲ್ಸಿಯಂ, ವಿಟಮಿನ್ ಕಡಿಮೆ ಬೀಳುತ್ತದೆ, ಅಳತೆಯನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

"ಕಿಡ್ನಿ ಅಲ್ವಾ, ಪ್ರೋಟೀನ್ ಕೊಡಬಾರದು" ಅಂತ ಬರೇ ಗಂಜಿ ಕುಡಿಸುವವರಿದ್ದಾರೆ. ನಾಯಿ ತನ್ನ ಸ್ನಾಯುವನ್ನೇ ಕರಗಿಸಿಕೊಂಡು ಒಣಗಿಹೋಗುತ್ತದೆ. ಕ್ರಿಯಾಟಿನಿನ್ ಇಳಿಯುತ್ತದೆ ನಿಜ, ಸ್ನಾಯು ಕರಗಿದ್ದರಿಂದ. ಅದು ಗುಣವಾದದ್ದಲ್ಲ. ಅದಕ್ಕೇ ರಿಪೋರ್ಟಿನ ಜೊತೆ ತೂಕವನ್ನೂ ಬರೆದಿಡಿ.

ಆಹಾರದಿಂದ ಫಾಸ್ಫರಸ್ ಇಳಿಯದಿದ್ದರೆ ಬೈಂಡರ್, ಅಂದರೆ ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವ ಮದ್ದು ಕೊಡುತ್ತಾರೆ. ಅದನ್ನು ಊಟದಲ್ಲೇ ಕಲಸಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ಕಟ್ಟಿಹಾಕಲು ಅಲ್ಲಿ ಫಾಸ್ಫರಸ್ಸೇ ಇರುವುದಿಲ್ಲ.

ಬೊಂಡ ನೀರು, ಅಂದರೆ ಎಳನೀರು, ಎಲ್ಲ ಕಾಯಿಲೆಗೂ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಅದರಲ್ಲಿ ಪೊಟಾಸಿಯಂ ತುಂಬಾ ಇದೆ. ರಕ್ತದ ಪೊಟಾಸಿಯಂ ಏರಿರುವ ನಾಯಿಗೆ ಅದು ಹೃದಯವನ್ನೇ ನಿಲ್ಲಿಸಬಹುದು. ರಿಪೋರ್ಟ್ ನೋಡದೆ ಕೊಡಬೇಡಿ. ಬಿಂಬುಳಿ, ಧಾರೆಹುಳಿ ರಸ ಬೇಡವೇ ಬೇಡ. ಬಿಂಬುಳಿ ರಸ ಕುಡಿದು ಮನುಷ್ಯರಿಗೇ ಕಿಡ್ನಿ ಕೆಟ್ಟದ್ದು ಕೇರಳದಲ್ಲಿ ದಾಖಲಾಗಿದೆ.

ನೀರು ಯಾವಾಗಲೂ ಇಡಿ. ಜಾಸ್ತಿ ಮೂತ್ರ ಮಾಡುತ್ತದೆ ಅಂತ ರಾತ್ರಿ ನೀರಿನ ಬಟ್ಟಲು ಎತ್ತಿಡುವುದು ಕ್ರೌರ್ಯ. ಕುಡಿದದ್ದು ಸಾಲದಿದ್ದರೆ ಚರ್ಮದಡಿ ರಿಂಗರ್ ಲ್ಯಾಕ್ಟೇಟ್ ಕೊಡುವುದನ್ನು ಡಾಕ್ಟರು ಕಲಿಸುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು, ಎರಡು ಭುಜದ ನಡುವಿನ ಚರ್ಮವನ್ನು ಎತ್ತಿ ಹಿಡಿದು, ಮೂಡಿದ ಗುಳಿಯೊಳಗೆ ಸೂಜಿ ಹಾಕುವುದು. ನೀರು ಇಳಿದಂತೆ ಅಲ್ಲಿ ಮೆತ್ತಗೆ ಗಂಟು ಏಳುತ್ತದೆ, ಸಂಜೆಗೆ ಅದು ಮುಂಗಾಲಿನ ಕಡೆ ಜಾರಿ ಮರುದಿನಕ್ಕೆ ಕರಗುತ್ತದೆ. ಹೆದರಬೇಕಿಲ್ಲ. ಗ್ಲೂಕೋಸ್ ಬಾಟಲಿಯನ್ನು ಮಾತ್ರ ಹೀಗೆ ಹಾಕಬಾರದು. ಹೃದಯದ ತೊಂದರೆ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಬೇಡ.

ಬಿಪಿ ಅಳೆಸಿ. 160 ದಾಟಿ ಅಲ್ಲೇ ನಿಂತರೆ ಮದ್ದು ಬೇಕು, 180 ದಾಟಿದರೆ ಕಣ್ಣು, ಮೆದುಳಿಗೂ ಅಪಾಯ. ಆಸ್ಪತ್ರೆಯ ಗದ್ದಲಕ್ಕೆ ಬಿಪಿ ಏರುತ್ತದೆ, ಹತ್ತು ನಿಮಿಷ ಸಮಾಧಾನವಾಗಿ ಕೂರಿಸಿ ನಾಲ್ಕೈದು ಸಲ ಅಳೆಯಬೇಕು. ಬಿಪಿಗೆ, ಪ್ರೋಟೀನ್ ಸೋರುವುದಕ್ಕೆ ಬರೆಯುವ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮನುಷ್ಯರ ಮೆಡಿಕಲ್ಲಿನಲ್ಲೇ ಸಿಗುತ್ತವೆ. ಅದೇ ಹೆಸರಿನಲ್ಲಿ ಇನ್ನೊಂದು ಮದ್ದು ಸೇರಿಸಿದ ಮಾತ್ರೆಯೂ ಇರುತ್ತದೆ, ಚೀಟಿಯಲ್ಲಿ ಬರೆದದ್ದನ್ನೇ ಕೇಳಿ. ಎನಲಾಪ್ರಿಲ್, ಬೆನಾಜೆಪ್ರಿಲ್, ಟೆಲ್ಮಿಸಾರ್ಟನ್ ಶುರು ಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟಾಸಿಯಂ ಮತ್ತೆ ನೋಡಲೇಬೇಕು.

ಸ್ಥಿತಿ ಒಂದೇ ರೀತಿ ನಿಂತ ಮೇಲೆ ಎರಡನೇ ಹಂತದಲ್ಲಿ ಆರು ತಿಂಗಳಿಗೊಮ್ಮೆ, ಅದರ ಮೇಲಿನ ಹಂತದಲ್ಲಿ ಮೂರು ತಿಂಗಳಿಗೊಮ್ಮೆ ಟೆಸ್ಟ್. ಆದಷ್ಟು ಅದೇ ಲ್ಯಾಬಿನಲ್ಲಿ. ಎರಡನೇ ಹಂತದಲ್ಲಿ ವರ್ಷಗಟ್ಟಲೆ ಚೆನ್ನಾಗಿ ಬದುಕಿದ ನಾಯಿಗಳಿವೆ. ನಾಲ್ಕನೇ ಹಂತದಲ್ಲಿ ಬಾಯಿಯಲ್ಲಿ ಹುಣ್ಣು, ಉಸಿರಲ್ಲಿ ಮೂತ್ರದ ವಾಸನೆ, ನಿಲ್ಲದ ವಾಂತಿ ಬಂದು, ಮದ್ದು ಕೊಟ್ಟರೂ ದಿನಗಟ್ಟಲೆ ಏನೂ ಮುಟ್ಟದೆ ಮೂಲೆ ಸೇರಿದರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅವಕ್ಕೆ ಇಲಿಜ್ವರದ ಲಸಿಕೆ ಹಾಕಿಸಿ. ವರ್ಷಕ್ಕೊಮ್ಮೆ ಹಾಕುವ ಮಿಶ್ರ ಲಸಿಕೆಯಲ್ಲಿ ಅದು ಸೇರಿದೆಯಾ ಅಂತ ಕೇಳಿ ನೋಡಿ, ಸೇರದವೂ ಇವೆ. ರೇಬೀಸ್ ಲಸಿಕೆ ಆಗಿದೆ ಅಂದರೆ ಇದು ಆಗಿದೆ ಅಂತಲ್ಲ. ಮೊದಲ ಸಲ ಹಾಕಿಸುವಾಗ ಸುಮಾರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಒಂದನ್ನು ಏಪ್ರಿಲ್ ಮಧ್ಯದ ವಿಷುವಿನ ಹೊತ್ತಿಗೆ ಹಾಕಿಸಿದರೆ ಎರಡನೆಯದು ಮೇ ಕೊನೆಯ ಪತ್ತನಾಜೆಗೆ ಮೊದಲು ಮುಗಿಯುತ್ತದೆ.